ಕುದಿಸಿದ ಟೋಪಿ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ನಾಗರತ್ನ ನೆಲ ಒರೆಸುವ ನೀರಿಗೆ ಕ್ರಿಮಿನಾಶಕವನ್ನು ಒಂದು ಮುಚ್ಚಳ ಹೆಚ್ಚಿಗೇ ಹಾಕಿದಳು. ಆಸ್ಪತ್ರೆಯ ವರಾಂಡದ ವಾಸನೆ ನಡುಮನೆಗೆಲ್ಲ ತುಂಬಿತು. ನಾನು ಹೆಣೆಯುತ್ತಿದ್ದ ಮಫ್ಲರಿನಲ್ಲಿ ಮೂರು ಕುಣಿಕೆ ಜಾರಿದವು. ವಾಸನೆಗೂ ಹೆಣಿಗೆಗೂ ಏನು ಸಂಬಂಧ ಅಂತ ನೀವು ಕೇಳಬಹುದು, ಹೇಳುತ್ತೇನೆ. ಆದರೆ ಗಂಡಸಿಗೂ ಹೆಣಿಗೆಗೂ ಏನು ಸಂಬಂಧ ಅನ್ನುವ ಪ್ರಶ್ನೆ ನಿಮ್ಮ ನಾಲಿಗೆ ತುದಿಯಲ್ಲಿದೆ, ಮರ್ಯಾದಸ್ಥರಾದ್ದರಿಂದ ಕೇಳಲಿಲ್ಲ. ಮೊದಲು ಅದಕ್ಕೆ ಉತ್ತರ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿದವನು. ನಿವೃತ್ತನಾದ ಮೇಲೆ ಪಾಠ ಕೇಳುವವರು ಯಾರೂ ಸಿಗದೆ ಟಿವಿಗೆ ಪಾಠ ಹೇಳತೊಡಗಿದೆ. ಸಂಜೆ ಏಳರ ವಾರ್ತೆ ಶುರುವಾದರೆ ಮಂತ್ರಿಗಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ದೇಶದೇಶಗಳ ಕಿವಿ ಹಿಂಡುತ್ತಿದ್ದೆ. ರಕ್ತದೊತ್ತಡ ಏರಿತು. ಡಾಕ್ಟರು ವಾರ್ತೆ ಬಿಡಿ ಅಂದರು. ಪ್ರಜೆಯಾಗಿ ಅದು ಸಾಧ್ಯವಿಲ್ಲ ಅಂದೆ. ನಾಗರತ್ನ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ತಂದು ತೊಡೆಯ ಮೇಲಿಟ್ಟಳು. "ಕೈಗೆ ಕೆಲಸ ಇದ್ರೆ ಬಾಯಿಗೆ ಸ್ವಲ್ಪ ರಜ ಸಿಗತ್ತೆ, ಹೆಣೀರಿ" ಅಂದಳು.

ಹೀಗೆ ನನ್ನ ಹೆಣಿಗೆ ವಾರ್ತೆಯ ಜೊತೆಯಲ್ಲೇ ಬೆಳೆಯಿತು. ನನ್ನ ಮಫ್ಲರುಗಳು ಒಂದು ರೀತಿಯಲ್ಲಿ ಈ ದೇಶದ ಇತಿಹಾಸ. ಚುನಾವಣೆಯ ವಾರದ ಸಾಲುಗಳು ಹಗ್ಗದಷ್ಟು ಬಿಗಿ. ಕ್ರಿಕೆಟ್ ಗೆದ್ದ ದಿನದ್ದು ಸೊಳ್ಳೆಪರದೆ. ಪೆಟ್ರೋಲಿನ ಬೆಲೆ ಏರಿದ ಕಡೆ ಕೈ ಮುಟ್ಟಿ ನೋಡಿದರೆ ಗಂಟೇ ಸಿಗುತ್ತದೆ. ಉಡುಗೊರೆಯಾಗಿ ಪಡೆದ ಬಂಧುಗಳು ಯಾರೂ ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಇತಿಹಾಸಕ್ಕೆ ಅದು ಮಾಮೂಲಿ.

ಈ ಇತಿಹಾಸವನ್ನು ಸರಿಯಾಗಿ ಓದಿದವಳು ಒಬ್ಬಳೇ: ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ಥೋಯಿ. ಮಣಿಪುರದ ಹುಡುಗಿ, ಗಾಂಧಿಬಜಾರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕನ್ನಡ ಕಲಿತದ್ದು ಗಿರಾಕಿಗಳಿಂದ. ಹಾಗಾಗಿ "ಹತ್ರದ್ದು ಕಾಣ್ಸುತ್ತಾ, ದೂರದ್ದು ಕಾಣ್ಸುತ್ತಾ" ಅನ್ನುವುದು ಅವಳ ಬಾಯಲ್ಲಿ ಬಲು ಸ್ಪಷ್ಟ, ಮಿಕ್ಕದ್ದು ಹೇಗೋ. ಒಂದು ಭಾನುವಾರ ಮೆಟ್ಟಿಲಿಳಿದು ಬಂದವಳು ನನ್ನ ಮಫ್ಲರು ಹಿಡಿದೆಳೆದು ನೋಡಿ, "ಅಂಕಲ್, ಇಲ್ಲಿ ತುಂಬಾ ಟೈಟು. ಯಾರ ಮೇಲೆ ಕೋಪ?" ಅಂದಳು.

"ಹಣಕಾಸು ಮಂತ್ರಾಲಯದ ಮೇಲೆ" ಅಂದೆ.

"ಅವ್ರಿಗೆ ಚಳಿ ಇಲ್ಲ ಅಂಕಲ್. ಬಿಚ್ಚಿ" ಅಂದಳು. ಅಷ್ಟೂ ಸಾಲು ಎಳೆದು ಬಿಚ್ಚಿಯೇಬಿಟ್ಟಳು. ಹೆಣಿಗೆಯ ದೊಡ್ಡಗುಣ ಅದೇ ಅಂತ ಹೇಳಿಕೊಟ್ಟವಳೂ ಅವಳೇ. ಎಂಥಾ ತಪ್ಪಾದರೂ ಬಿಚ್ಚಬಹುದು, ದಾರ ಹಾಗೇ ಇರುತ್ತದೆ, ಮತ್ತೆ ಹೆಣೆಯಬಹುದು. ಅಲ್ಲಿಂದ ಪ್ರತಿ ಭಾನುವಾರ ಅವಳು ಕೆಳಗೆ ಬರುವುದು, ನಾಗರತ್ನ ಅವಲಕ್ಕಿ ಕಲಸುವುದು, ಇಬ್ಬರೂ ಸೇರಿ ನನ್ನ ಕೆಲಸವನ್ನು ಆಡಿಕೊಳ್ಳುವುದು ವಾಡಿಕೆಯಾಯಿತು.

ಎಲ್ಲರ ಮುಖಕ್ಕೂ ಮಾಸ್ಕು ಹಾಕಿಸಿದ ಆ ರೋಗದ ಸುದ್ದಿ ಮೊದಲು ಬಂದ ವರ್ಷ. ಥೋಯಿ ಊರಿಗೆ ಹೋಗಿದ್ದವಳು ವಾಪಸು ಬಂದಳು. ನನ್ನ ಬೋಳು ತಲೆಗೆಂದು ತಾನೇ ಹೆಣೆದ ಟೋಪಿ ತಂದಿದ್ದಳು, ದಟ್ಟ ಕಂದು ಬಣ್ಣದ್ದು. "ನಿಜವಾದ ಉಣ್ಣೆ ಅಂಕಲ್, ಅಂಗಡಿದಲ್ಲ. ತಣ್ಣೀರಲ್ಲೇ ಒಗೀಬೇಕು, ಬಿಸಿ ನೀರು ಬೇಡ."

"ನನಗೇ ಹೇಳಿಕೊಡ್ತೀಯಾ?" ಅಂದೆ, ಇಪ್ಪತ್ತು ಮಫ್ಲರಿನ ಗತ್ತಿನಲ್ಲಿ.

ಅವತ್ತು ಸಂಜೆ ಟಿವಿಯಲ್ಲಿ ಭೂಪಟ. ಕೆಂಪು ಬಾಣಗಳು ಪೂರ್ವದಿಂದ ಹೊರಟು ನೇರ ನಮ್ಮ ನಡುಮನೆಗೇ ಬರುವ ಹಾಗೆ ಕಾಣುತ್ತಿದ್ದವು. ರೋಗ ಹುಟ್ಟಿದ ದೇಶದ ಜನರ ಮುಖಗಳನ್ನು ಮತ್ತೆ ಮತ್ತೆ ತೋರಿಸಿದರು; ನನ್ನ ಕಣ್ಣಿಗೆ ಅವು ಥೋಯಿಯ ಮುಖದ ಹಾಗೇ ಕಂಡವು. ನನ್ನ ತಲೆಯೊಳಗೆ ಒಂದು ತುರ್ತು ಸಮಿತಿ ಸಭೆ ಸೇರಿತು. ಅಧ್ಯಕ್ಷ ನಾನೇ, ಸದಸ್ಯನೂ ನಾನೇ, ನಿರ್ಣಯ ಅವಿರೋಧ. ತಲೆಯ ಮೇಲಿದ್ದ ಟೋಪಿಯನ್ನು ಎರಡು ಬೆರಳಲ್ಲಿ ತೆಗೆದು ಹಿತ್ತಲ ಮೊಳೆಗೆ ಹಾಕಿದೆ. ಮಾರನೇ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಕ್ರಿಮಿನಾಶಕ ಸುರಿದು, ಟೋಪಿ ಅದ್ದಿ, ಕೋಲಿನಿಂದ ತಿರುವತೊಡಗಿದೆ.

ನಾಗರತ್ನ ಬಂದು ನೋಡಿದಳು. "ಏನ್ರೀ ಇದು?"

"ಮುಂಜಾಗ್ರತೆ."

"ಅವಳು ಮಣಿಪುರದವಳು ರೀ. ಮಕ್ಕಳಿಗೆ ಮ್ಯಾಪಲ್ಲಿ ಕೋಲಿಟ್ಟು ತೋರಿಸ್ತಿದ್ರಲ್ಲ, ನಮ್ಮ ದೇಶದೊಳಗೇ ಇದೆ ಅಂತ?"

ಅದೇ ಕೋಲಿನಿಂದ ಅಲ್ಲ, ಆದರೆ ಅದೇ ಕೈಯಿಂದ ತಿರುವುತ್ತಿದ್ದೆ. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಕುದಿಯುವ ನೀರಲ್ಲಿ ಉಣ್ಣೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಟೋಪಿ ಮುದುಡಿ ಅಂಗೈಯಷ್ಟಾಯಿತು. ಕುಣಿಕೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಯಿತು. ಅದನ್ನು ಬಿಸಾಡದೆ ತಂತಿಯ ಮೇಲೆ ಒಣಗಹಾಕಿದೆ. ನಮ್ಮ ತಂತಿ ಇರುವುದು ಮಹಡಿಯ ಮೇಲೆ, ಥೋಯಿಯ ಬಾಗಿಲ ಎದುರಿಗೆ. ಇಷ್ಟು ದೊಡ್ಡ ಬುದ್ಧಿವಂತರನ್ನು ನೀವು ಹೆಚ್ಚು ಕಂಡಿರಲಾರಿರಿ.

ಮಧ್ಯಾಹ್ನ ಅವಳು ಟೋಪಿ ಹಿಡಿದು ಕೆಳಗೆ ಬಂದಳು. ಹೆಣೆಯುವವರಿಗೆ ವಿವರಣೆ ಬೇಕಿಲ್ಲ. ಅಂಚನ್ನು ಒಮ್ಮೆ ಎಳೆದು ನೋಡಿದಳು, ಎಳೆ ಬಿಡಲಿಲ್ಲ. ಆಮೇಲೆ ಮೂಗಿನ ಹತ್ತಿರ ಹಿಡಿದಳು. ಆ ವಾಸನೆ ಅವಳಿಗೆ ಅರ್ಥವಾದದ್ದು ನನಗೆ ಕಂಡಿತು.

"ಅಂಕಲ್, ಇದು ಬಿಸಿ ನೀರು."

"ಹೌದಮ್ಮ, ನಾಗರತ್ನ ನೋಡದೆ ಬಿಸಿ ನೀರಿಗೆ ಹಾಕಿಬಿಟ್ಟಿದಾಳೆ" ಅಂದೆ.

ಹೇಳಿ ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ನಾಗರತ್ನ, ಕೈಯಲ್ಲಿ ಅವಲಕ್ಕಿಯ ತಟ್ಟೆ. ನನ್ನನ್ನು ಒಂದು ಸಲ ನೋಡಿದಳು. ನಲವತ್ತು ವರ್ಷದಲ್ಲಿ ಹಾಗೆ ನೋಡಿದ್ದಿಲ್ಲ. "ಹೌದಮ್ಮ, ನಂದೇ ತಪ್ಪು" ಅಂದಳು.

ಥೋಯಿ ನಕ್ಕಳು. "ಪರವಾಗಿಲ್ಲ ಆಂಟಿ. ಪುಟ್ಟ ಮಗುಗೆ ಆಗತ್ತೆ." ಟೋಪಿಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದಳು. ಅವಲಕ್ಕಿ ತಿನ್ನಲಿಲ್ಲ. ಅನಂತರದ ಭಾನುವಾರಗಳಲ್ಲಿ ಅವಳಿಗೆ ಏನಾದರೂ ಕೆಲಸವಿರುತ್ತಿತ್ತು. ಊರೆಲ್ಲ ಬಾಗಿಲು ಹಾಕಿ, ಮತ್ತೆ ರೈಲು ಬಿಟ್ಟಾಗ ರೂಮು ಖಾಲಿ ಮಾಡಿ ಊರಿಗೆ ಹೊರಟಳು. ಬೀಗದ ಕೈಯನ್ನು ನನ್ನ ಕೈಗೆ ಕೊಡಲಿಲ್ಲ, ಜಗುಲಿಯ ಮೇಲಿಟ್ಟಳು. "ಅಂಕಲ್‌ಗೆ ಭಯ ಆಗಬಾರದು" ಅಂದಳು. ಅದನ್ನು ವ್ಯಂಗ್ಯವಾಗಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಹಡಿ ರೂಮು ಈಗ ಮತ್ತೆ ಖಾಲಿ. ಈ ಬೆಳಿಗ್ಗೆ ಆ ವಾಸನೆಯ ನಡುವೆಯೇ ಎದುರು ಮನೆಯ ಶೇಷಾದ್ರಿ ಬಂದು ಕೂತರು. "ಮೇಷ್ಟ್ರೇ, ನಿನ್ನೆ ನ್ಯೂಸ್ ನೋಡಿದ್ರಾ? ರೂಮು ಮಾತ್ರ ಆ ಕಡೆಯವರಿಗೆ ಕೊಡಬೇಡಿ" ಅಂದರು. ಯಾವ ಕಡೆಯವರು ಅಂತ ಬರೆಯುವುದಿಲ್ಲ. ನೀವು ಓದುವ ಹೊತ್ತಿಗೆ ಅದು ಬದಲಾಗಿರುತ್ತದೆ.

ನಾನು ಎದ್ದು ಬೀರುವಿನಿಂದ ಟೋಪಿ ತಂದು ಅವರ ಕೈಗಿಟ್ಟೆ. "ಇದನ್ನ ಕುದಿಸಿದ್ದು ನಾನು. ನಾಗರತ್ನ ಅಲ್ಲ" ಅಂದೆ.

"ಯಾವ ಟೋಪಿ? ಏನು ಕುದಿಸಿದ್ದು?" ಶೇಷಾದ್ರಿ ಗಾಬರಿಯಾದರು. ಬಿ.ಪಿ. ಮಾತ್ರೆ ತಗೊಂಡ್ರಾ ಅಂತಲೂ ಕೇಳಿದರು. ಒಳಗೆ ನೆಲ ಒರೆಸುವ ಸದ್ದು ನಿಂತಿತು.

ಅವರು ಹೋದ ಮೇಲೆ ನಾಗರತ್ನ ಹೊರಗೆ ಬಂದು ಕೈ ಒರೆಸಿಕೊಂಡಳು. "ಹೇಳಬೇಕಾದ್ದು ಶೇಷಾದ್ರಿಗಲ್ಲ" ಅಂದಳು. ಫೋನು ತಂದು ತೊಡೆಯ ಮೇಲಿಟ್ಟಳು, ಅಂದು ಕಡ್ಡಿ ಇಟ್ಟ ಹಾಗೆಯೇ.

ಒಂದು ಸಾಲು ಬರೆಯಲು ಮಧ್ಯಾಹ್ನವಾಯಿತು. ನಾಲ್ಕು ಸಲ ಬರೆದು ಅಳಿಸಿದೆ; ಮೊದಲನೆಯದರಲ್ಲಿ ಟಿವಿಯವರ ಮೇಲೆ ತಪ್ಪು ಹೊರಿಸಿದ್ದೆ. ಕೊನೆಗೆ ಕಳಿಸಿದ್ದು ಇಷ್ಟು: "ಥೋಯಿ, ಟೋಪಿ ಕುದಿಸಿದ್ದು ಆಂಟಿ ಅಲ್ಲ, ನಾನು. ನಿನಗೆ ಹೆದರಿ ಕುದಿಸಿದೆ." ನೀಲಿ ಗೀಟು ಎರಡು ಬಂದಿವೆ. ಓದಿದ್ದಾಳೆ. ಉತ್ತರ ಬಂದಿಲ್ಲ, ಬರಲೇಬೇಕೆಂದೂ ಇಲ್ಲ.

ಟಿವಿಯ ರಿಮೋಟನ್ನು ಆ ಟೋಪಿಯೊಳಗೆ ಇಟ್ಟಿದ್ದೇನೆ. ಅಳತೆ ಮಾಡಿಸಿದ ಹಾಗೆ ಕೂತಿದೆ. ಏಳು ಗಂಟೆಗೆ ವಾರ್ತೆಗೆಂದು ಕೈ ಹಾಕಿದೆ. ಉಣ್ಣೆ ಗಟ್ಟಿಯಾಗಿ, ಒರಟಾಗಿ ಬೆರಳಿಗೆ ತಾಗಿತು. ಎಲ್ಲಾದರೂ ಒಂದು ಎಳೆ ಸಡಿಲವಿದೆಯೇ ಅಂತ ಹುಡುಕುತ್ತಾ ಕೂತಿದ್ದೆ. ವಾರ್ತೆ ಮುಗಿದು ಹೋಗಿತ್ತು.