ಹೊಗೆ ಕಂಡರಾಗದ ಪ್ರಲ್ಹಾದ

ಎಂಜಿನ್ನು ಹೊಗೆ ಬಿಟ್ಟರೆ ಮೆಕ್ಯಾನಿಕ್ಕನ ಮಾನ ಹೋದಂತೆ. ಪ್ರಲ್ಹಾದ ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಬಿಜಾಪುರದ ಜೋರಾಪುರ ಪೇಟೆಯ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಅವನು ಸಂಬಳದ ಮೆಕ್ಯಾನಿಕ್. ಟಿಕೋಟಾದಿಂದ ಕನಮಡಿಯವರೆಗೆ ಯಾವ ಬಾವಿಯ ಮೇಲಿನ ಡೀಸೆಲ್ ಎಂಜಿನ್ನು ಕರಿ ಹೊಗೆ ಕಾರಿದರೂ ಅವನಿಗೇ ಕರೆ ಬರುತ್ತಿತ್ತು. ಹೋದವನು ಕೈ ಹಿಂದೆ ಕಟ್ಟಿಕೊಂಡು ನಿಂತು ಹೊಗೆ ಕೊಳವೆಯೊಂದನ್ನೇ ನೋಡುತ್ತಿದ್ದ. ಆಮೇಲೆ ಒಂದು ಸ್ಕ್ರೂ ತಿರುವುತ್ತಿದ್ದ. ಹೊಗೆ ನಿಲ್ಲುತ್ತಿತ್ತು, ರೈತರು ಕೈಮುಗಿಯುತ್ತಿದ್ದರು. ಕೆಲವು ದಿನಗಳಲ್ಲಿ ಅದೇ ಎಂಜಿನ್ನು ಮತ್ತೆ ಕೈಕೊಟ್ಟರೆ ಪ್ರಲ್ಹಾದ ಅಷ್ಟರಲ್ಲಿ ಬೇರೊಂದು ಬಾವಿಯ ಮೇಲಿರುತ್ತಿದ್ದ, ತಪ್ಪು ಡೀಸೆಲ್ ಕಲಬೆರಕೆಯ ತಲೆಗೆ ಹೋಗುತ್ತಿತ್ತು. ಇಡೀ ನೌಕರಿಯಲ್ಲಿ ಅವನು ಕಲಿತದ್ದು ಒಂದೇ ಸಂಗತಿ. ಕಲಿಯಲು ಇರುವುದೇ ಅಷ್ಟು ಎಂದು ಅವನು ನಂಬಿದ್ದ. ಊರೂ ನಂಬಿತ್ತು.

೧೯೭೮ರ ಚಳಿಗಾಲದಲ್ಲಿ ಕಾಸಿಮಸಾಬ ಕುವೇತದಿಂದ ರಜೆಯ ಮೇಲೆ ಬಿಜಾಪುರಕ್ಕೆ ಬಂದ. ಪ್ರಲ್ಹಾದನ ಓಣಿಯವನೇ. ಕೊಲ್ಲಿಗೆ ಹೋಗುವ ಮುಂಚೆ ಅದೇ ಅಂಗಡಿಯಲ್ಲಿ ಪ್ರಲ್ಹಾದನ ಕೈಕೆಳಗೆ ಕೆಲಸ ಕಲಿತವನು. ಹಡಗಿನಲ್ಲಿ ತಂದ ಟ್ರಂಕಿನೊಳಗೆ ಅತ್ತರು, ಕಂಬಳಿಗಳ ನಡುವೆ ಒಂದು ಕಾರಿತ್ತು. ಮೊಳಕ್ಕಿಂತ ತುಸು ಉದ್ದ, ಒಳಗೆ ಲಿಂಬೆಹಣ್ಣಿನಷ್ಟು ಎಂಜಿನ್ನು. ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಅದರ ಕಡ್ಡಿ ಮೇಲೆಳೆದು ಗುಂಡಿ ಸರಿಸಿದರೆ ಕಾರು ದೂರದಲ್ಲಿ ತಿರುಗುತ್ತಿತ್ತು, ಓಡುತ್ತಿತ್ತು, ನಿಲ್ಲುತ್ತಿತ್ತು. ಇಂಥ ವಾಯರಲೆಸ್ಸಿಗೆ ಸರಕಾರದ ಲೈಸೆನ್ಸ್ ಬೇಕಿದ್ದೀತು ಎಂದು ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಾರು ಕುಡಿಯುವುದು ಪೆಟ್ರೋಲ್ ಅಲ್ಲ. ಸ್ಪಿರಿಟ್, ನೈಟ್ರೋ ಎಂಬ ಘಾಟು ದ್ರವ, ಔಡಲ ಎಣ್ಣೆ. ನೈಟ್ರೋದ ಡಬ್ಬಿ ಕುವೇತದಿಂದಲೇ ಬಂದಿತ್ತು. ಸ್ಪಿರಿಟ್ಟನ್ನು ಕಾಸಿಮಸಾಬ ಸೊಲ್ಲಾಪುರದಿಂದ ತರಿಸಿದ. ಎಣ್ಣೆ ಟಿಕೋಟಾದ ಮರೆಪ್ಪನ ಗಾಣದ್ದು. ಅದನ್ನು ತೆಳು ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸುತ್ತ ಕೂತ ಮಗನನ್ನು ನೋಡಿ ತಾಯಿ ಮಕ್ತುಮಬಿ ನಕ್ಕಳು.

“ಔಡಲೆಣ್ಣಿ ಕುಡದ್ರ ಮನಷ್ಯಾನ ಓಡತಾನ. ಗಾಡಿ ಓಡಲಾರದ ಏನ ಮಾಡೀತು!”

ಈ ಎಂಜಿನ್ನಿಗೆ ಎಣ್ಣೆಯ ಬೇರೆ ತೊಟ್ಟಿ ಇಲ್ಲ. ಇಂಧನದ ಜೊತೆ ಒಳಗೆ ಹೋದ ಔಡಲ ಎಣ್ಣೆಯೇ ಅದರ ಪಿಸ್ಟನ್ನನ್ನು ಕಾಯಬೇಕು. ಕಾದು ಉಳಿದದ್ದು ನೀಲಿ ಹೊಗೆಯಾಗಿ ಹೊರಬರುತ್ತದೆ. ಹಿಂದೆ ಹೊಗೆಯ ಗೆರೆ ಕಾಣುವವರೆಗೆ ಎಂಜಿನ್ನಿಗೆ ಜೀವವಿದೆ ಎಂದರ್ಥ. ಎಷ್ಟು ಇಂಧನ ಒಳಗೆ ಹೋಗಬೇಕೆಂಬುದನ್ನು ಒಂದು ಸೂಜಿ ನಿರ್ಧರಿಸುತ್ತದೆ. ಸೂಜಿ ಬಿಗಿದಷ್ಟೂ ಇಂಧನ ಕಡಿಮೆ, ವೇಗ ಹೆಚ್ಚು, ಎಣ್ಣೆಯೂ ಕಡಿಮೆ. ಕಾಸಿಮಸಾಬನಿಗೆ ಇದೆಲ್ಲ ಗೊತ್ತಿತ್ತು. ಕುವೇತದ ಶುಕ್ರವಾರಗಳನ್ನು ಅವನು ಇದಕ್ಕೇ ಕಳೆದಿದ್ದ. ನಾಲ್ಕು ಸುತ್ತು ಓಡಿಸಿ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಡುತ್ತಿದ್ದ. ಹನಿ ನಿಧಾನ ಕುದಿದು ಆರಿದರೆ ಸರಿ. ಬಿದ್ದೊಡನೆ ಚುರ್ ಎಂದು ಹಾರಿಹೋದರೆ ಸೂಜಿಯನ್ನು ಕೂದಲೆಳೆಯಷ್ಟು ಸಡಿಲಿಸುತ್ತಿದ್ದ. ಓಟ ಮುಗಿದ ಮೇಲೆ ಇಂಧನದ ಟಾಕಿ ಬರಿದು ಮಾಡಿ, ಜಂಗು ಹಿಡಿಯದಂತೆ ಒಳಗೆರಡು ಹನಿ ಎಣ್ಣೆ ಬಿಡುತ್ತಿದ್ದ. ಪಿಸ್ಟನ್ನು ಕೆಟ್ಟರೆ ಇನ್ನೊಂದು ಮುಂಬಯಿಯಲ್ಲೂ ಸಿಗುವಂತಿರಲಿಲ್ಲ.

ಬಬಲೇಶ್ವರದಲ್ಲಿ ಹತ್ತಿ ಬಿಡಿಸುವ ಜಿನ್ನಿನ ಮಾಲೀಕ ಬಸಲಿಂಗಯ್ಯ ಅಂಥದೇ ಒಂದು ಕಾರನ್ನು ಯಾರಿಂದಲೋ ತರಿಸಿಕೊಂಡಿದ್ದ. ಜಿನ್ನಿನ ಮುಂದೆ ಹತ್ತಿ ಹರವಲು ಹಾಕಿಸಿದ ಸಿಮೆಂಟಿನ ಅಂಗಳವಿತ್ತು. ರವಿವಾರ ಅಲ್ಲಿ ಎರಡೂ ಕಾರುಗಳನ್ನು ಪಂದ್ಯಕ್ಕೆ ಓಡಿಸಿ ನೋಡುವುದೆಂದು ಮಾತಾಯಿತು. ಮಾತು ಪ್ರಲ್ಹಾದನ ಕಿವಿಗೂ ಬಿತ್ತು. ಯಾರೂ ಕರೆಯದಿದ್ದರೂ ಅವನು ಸಂಜೆ ಕಾಸಿಮಸಾಬನ ಅಂಗಳದಲ್ಲಿ ಹಾಜರಾದ. ಕಾರು ಓಡುತ್ತಿತ್ತು.

“ಏನಲೇ ಕಾಸೀಮಾ, ಹಸಿ ಕಟ್ಟಿಗಿ ಒಲಿ ಹಚ್ಚೀ ಏನು?”

“ಇದಕ ಹೊಗಿ ಇರಬೇಕ್ರಿ ಕಾಕಾ. ಎಣ್ಣಿ ಅದರಾಗ ಕೂಡಿ ಹೊಂಟಿರತೈತ್ರಿ.”

“ಯಾರ ಹೇಳಿದ್ರು, ಅರಬರು? ಅವರ ನೆಲದಾಗ ಎಣ್ಣಿ ಪುಗಸಟ್ಟೆ ಅದ, ಸುಡತಾರ. ಎಂಜಿನ್ ಅಂದ್ರ ಎಂಜಿನ್ನ. ಆನಿ ಹೊಟ್ಟಿನೂ ಹೊಟ್ಟೀನ, ಇಲಿ ಹೊಟ್ಟಿನೂ ಹೊಟ್ಟೀನ.”

ಕಾಸಿಮಸಾಬ ಕಾರನ್ನು ನಿಲ್ಲಿಸಿ ಎಂಜಿನ್ನಿನ ತಲೆಗೆ ಹನಿ ನೀರು ಬಿಟ್ಟ.

“ನೀರ ಚಿಮಕಿಸಿ ನೋಡಲಿಕ್ಕೆ ಇದೇನ ದ್ವಾಸಿ ಹಂಚೇನೋ?”

ಸುತ್ತ ನಿಂತವರು ನಕ್ಕರು. ಕಾಸಿಮಸಾಬನೂ ನಕ್ಕ. ಆ ನಗುವಿನಲ್ಲೇ ಅವನು ಕಾರನ್ನು ಕಳೆದುಕೊಂಡ ಎನ್ನಬೇಕು. ಆ ಕಸುಬಿನಲ್ಲಿ ಒಂದು ರೀತಿಯುಂಟು. ಕೆಲಸ ಕಲಿಸಿದ ಉಸ್ತಾದ ಎದುರಿಗಿದ್ದರೆ ಶಿಷ್ಯ ಸ್ಕ್ರೂಗೆ ಕೈಹಚ್ಚುವುದಿಲ್ಲ, ಪಾನಾ ಎತ್ತಿ ಅವನ ಕೈಗೆ ಕೊಡುತ್ತಾನೆ. ಗೊತ್ತಿದ್ದದ್ದನ್ನು ಹೇಳದೆ ನುಂಗುವುದನ್ನು ಕಾಸಿಮಸಾಬ ವಿನಯವೆಂದು ತಿಳಿದಿದ್ದ. ಪ್ರಲ್ಹಾದನಂಥವರು ಬಾಳುವುದು ಇಂಥ ವಿನಯದ ಮೇಲೆ. ಅಂದೇ ಪ್ರಲ್ಹಾದ ಎಂಜಿನ್ನನ್ನು ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ಅದ್ದಿ ತೊಳೆದ. ಒಳಗೆ ಉಳಿದಿದ್ದ ಔಡಲ ಎಣ್ಣೆಯ ಪಸೆಯನ್ನು ‘ಜಿಡ್ಡು’ ಎಂದು ಒರೆಸಿ ತೆಗೆದ.

ರವಿವಾರ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಾಗ ಹೆಂಡತಿ ವತ್ಸಲಾಬಾಯಿ ಬಾಗಿಲಿಗೆ ಬಂದಳು.

“ಅಲ್ರೀ, ಮನ್ಯಾಗಿನ ಸ್ಟೋ ಹೊಗಿ ಬಿಟ್ಟು ಬಿಟ್ಟು ಗ್ವಾಡಿ ಕರ್ರಗಾಗ್ಯದ. ಊರಾಗಿಂದೆಲ್ಲಾ ಆರಿಸಿ ಬಂದ ಮ್ಯಾಲೆ ಇತ್ತಾಗೂ ಒಂದೀಟ ನೋಡ್ರಿ.”

ಅವನು ನೋಡಲಿಲ್ಲ. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಕುಳಿತ. ಕಾಸಿಮಸಾಬ ಹಿಂದೆ ಕುಳಿತ, ತನ್ನ ಕಾರನ್ನು ತೊಡೆಯ ಮೇಲಿಟ್ಟುಕೊಂಡು.

ಬಬಲೇಶ್ವರದ ಅಂಗಳದ ಸುತ್ತ ಹತ್ತಿಯ ಅಂಡಿಗೆಗಳನ್ನು ಒಡ್ಡಿನಂತೆ ಜೋಡಿಸಿದ್ದರು. ಬಸಲಿಂಗಯ್ಯನ ಕಾರು ಆಗಲೇ ದಟ್ಟ ನೀಲಿ ಹೊಗೆ ಬಿಡುತ್ತ ಒಂದೇ ಹದದಲ್ಲಿ ಸುತ್ತುತ್ತಿತ್ತು.

“ಅಯ್ಯಾರ ಗಾಡಿ ಊದಿನಕಡ್ಡಿ ಹಚಗೊಂಡು ಪ್ರದಕ್ಷಿಣಿ ಹೊಂಟದಲ್ರೀ!” ಎಂದ ಪ್ರಲ್ಹಾದ. ಜನ ಹೋ ಎಂದರು.

ಕಾಸಿಮಸಾಬ ಎಂಜಿನ್ನಿನ ಚಕ್ರಕ್ಕೆ ಹುರಿ ಸುತ್ತಿ ಎಳೆದ, ಎಂಜಿನ್ನು ಹೊತ್ತಿಕೊಂಡಿತು. ಪ್ರಲ್ಹಾದ ಬಗ್ಗಿ ಸೂಜಿಯನ್ನು ಬಿಗಿದ. ದನಿ ಏರಿತು. ಇನ್ನಷ್ಟು ಬಿಗಿದ. ಹೊಗೆ ತೆಳುವಾಯಿತು, ನೂಲಿನಂತಾಯಿತು, ಕೊನೆಗೆ ಇಲ್ಲವಾಯಿತು. ಅವನು ಎದ್ದು ನಿಂತು ಸುತ್ತ ನೋಡಿದ. ಚಪ್ಪಾಳೆ ಬಿತ್ತು.

ಕಾರು ಓಡಿತು. ಓಡಿದ್ದೇನು, ಹಾರಿತು. ಹೀಗೆ ಬಿಗಿದ ಎಂಜಿನ್ನು ಸಾಯುವ ಮುಂಚೆ ಅತಿ ವೇಗದಲ್ಲಿ ಓಡುತ್ತದೆ, ನೋಡುವವರಿಗೆ ಅದು ಆರೋಗ್ಯದಂತೆ ಕಾಣುತ್ತದೆ. ಎರಡನೇ ಸುತ್ತಿನಲ್ಲೇ ಅದು ಬಸಲಿಂಗಯ್ಯನ ಕಾರನ್ನು ಹಿಂದೆ ಹಾಕಿತು. ಜನ ಕೇಕೆ ಹಾಕಿದರು. ದನಿ ಮಾತ್ರ ತೆಳ್ಳಗಾಗುತ್ತ, ಸೀಟಿಯಂತಾಗುತ್ತ ಹೋಯಿತು. ಪೆಟ್ಟಿಗೆ ಕಾಸಿಮಸಾಬನ ಕೈಯಲ್ಲೇ ಇತ್ತು. ಒಂದು ಬೆರಳು ಸಡಿಲಿಸಿದ್ದರೆ ಸಾಕಿತ್ತು, ಎಂಜಿನ್ನು ಉಳಿಯುತ್ತಿತ್ತು. ಅವನು ಬೆರಳು ಸಡಿಲಿಸುವ ಬದಲು ಪ್ರಲ್ಹಾದನ ಮುಖ ನೋಡಿದ.

“ಬಿಡಬ್ಯಾಡ! ಹಿಂಗಽ ಹೋಗಲಿ!”

ಬಿಡಲಿಲ್ಲ. ಆಚೆಯ ತಿರುವಿನಲ್ಲಿ ಆ ಸೀಟಿ ಕತ್ತು ಹಿಸುಕಿದಂತೆ ನಿಂತಿತು. ಕಾರು ಅಡ್ಡಡ್ಡ ಜಾರಿ ಹತ್ತಿಯ ಅಂಡಿಗೆಗೆ ಬಡಿಯಿತು. ಬಸಲಿಂಗಯ್ಯನ ಕಾರು ಹೊಗೆ ಬಿಡುತ್ತ ತನ್ನ ಪಾಡಿಗೆ ಸುತ್ತು ಮುಗಿಸಿತು. ಅದನ್ನು ಯಾರೂ ನೋಡುತ್ತಿರಲಿಲ್ಲ.

ಕಾಸಿಮಸಾಬ ಎಂಜಿನ್ನಿನ ಚಕ್ರ ತಿರುವಿ ನೋಡಿದ. ಅಲುಗಲಿಲ್ಲ. ತಲೆ ಬಿಚ್ಚಿದ. ಪಿಸ್ಟನ್ನು ಸುಟ್ಟು ಸಿಲಿಂಡರಿಗೆ ಕಚ್ಚಿಕೊಂಡಿತ್ತು.

“ಕಾಕಾ, ಇದಕ ಇನ್ನೊಂದು ಸಿಗೂದಿಲ್ರಿ.”

ಪ್ರಲ್ಹಾದ ಇಂಧನದ ಬಾಟಲಿ ತೆಗೆದು ಮೂಸಿದ. ಒಂದು ಹನಿಯನ್ನು ಬೆರಳಿಗೆ ತಗೊಂಡು ತಿಕ್ಕಿದ. ಮುಖ ಕಿವಿಚಿದ.

“ಎಣ್ಣ್ಯಾಗ ಮಿಲಾವಟ ಅದ. ಆ ಮರೆಪ್ಪ ಏನರೆ ಕೂಡಿಸ್ಯಾನ.”

ಅದೇ ಎಣ್ಣೆಯಲ್ಲಿ ಕಾರು ವಾರವಿಡೀ ಓಣಿಯಲ್ಲಿ ಸುಖವಾಗಿ ಓಡಿತ್ತು. ಅದನ್ನು ಸೋಸಿದವನು ಎದುರಿಗೇ ನಿಂತಿದ್ದ.

“ಇರಬೇಕ್ರಿ ಕಾಕಾ,” ಎಂದ ಕಾಸಿಮಸಾಬ.

ಟಿಕೋಟಾದ ಗಾಣಿಗ ಆ ಹೊತ್ತಿನಲ್ಲಿ ತನ್ನ ಪಾಡಿಗೆ ಎಲ್ಲೋ ಇದ್ದ. ಅವನ ಎಣ್ಣೆಯ ಹೆಸರು ಬಬಲೇಶ್ವರದ ಅಂಗಳದಲ್ಲಿ ಎರಡೇ ಮಾತಿನಲ್ಲಿ ಕೆಟ್ಟುಹೋಯಿತು. ಕೆಡಿಸಿದವನು ಒಬ್ಬ, ಹೂಂ ಎಂದವನು ಇನ್ನೊಬ್ಬ. ಇಬ್ಬರಲ್ಲಿ ಯಾರು ಸಣ್ಣವರು ಎಂದು ಅಳೆಯುವುದು ಕಷ್ಟ.

ಗೆದ್ದ ಬಸಲಿಂಗಯ್ಯನಿಗೆ ಗೆದ್ದ ಸಂತೋಷವಿರಲಿಲ್ಲ. ಇನ್ನೂ ಬಿಸಿಯಾಗಿದ್ದ ತನ್ನ ಕಾರನ್ನು ಎರಡೂ ಕೈಯಲ್ಲಿ ಹಿಡಿದು ಅವನು ನೇರ ಪ್ರಲ್ಹಾದನ ಮುಂದೆ ಬಂದ.

“ಗೆದ್ದಾಂವ ನಾ ಖರೆ. ಆದ್ರ ಓಡಿದ್ದು ನಿಮ್ಮದ್ರಿ. ನಮ್ಮದು ಎತ್ತಿನ ಬಂಡಿ ಹೊಂಟಂಗ ಹೊಂಟೈತಿ. ಇದರ ಹೊಗಿನೂ ಒಂದೀಟ ತಗದ ಕೊಡ್ರಲ.”

“ನಿಮ್ಮ ಎಣ್ಣಿ ಎಲ್ಲೀದು?”

“ಮುಂಬಯಿದ್ರಿ.”

“ಹಂಗಾರ ಏನೂ ಚಿಂತಿಲ್ಲ,” ಎಂದು ಪ್ರಲ್ಹಾದ ಅಂಗಿಯ ತೋಳು ಮಡಚಿದ.

ಕಾಸಿಮಸಾಬ ತನ್ನ ಕಾರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾಡಿಗೆ ಕಾರಿನ ಕಡೆ ನಡೆದ. ಬೆನ್ನ ಹಿಂದೆ ಎಂಜಿನ್ನಿನ ದನಿ ಏರುತ್ತಿತ್ತು, ಏರಿ ತೆಳ್ಳಗಾಗುತ್ತಿತ್ತು. ಆ ದನಿಯ ಅರ್ಥ ಆ ಅಂಗಳದಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಅವನು ಒಳಗೆ ಕುಳಿತು ಬಾಗಿಲು ಹಾಕಿಕೊಂಡ.