ಅವನ ಕಡೆಗೆ ಎಸೆಯದ ಚೆಂಡು
ಜೀವನದಲ್ಲಿ ಒಂದು ದಿನವೂ ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಆಟ, ಆಡದ ನಾನು, ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬ ಆಟಗಾರನನ್ನು ಏನೂ ನಿಲ್ಲದ ಜರಡಿ ಎಂದು ಕರೆದುಬಿಟ್ಟೆ. ಕೈಯಲ್ಲಿ ಅಂಕಿಅಂಶ ಇದ್ದರೆ ನನ್ನಂಥವಳಿಗೂ ಅಷ್ಟು ಧೈರ್ಯ ಬರುತ್ತದೆ. ಅವನು ನಮ್ಮ ತಂಡದ ಕಾರ್ನರ್‌ಬ್ಯಾಕ್. ಎದುರಾಳಿಯೊಬ್ಬನ ಬೆನ್ನು ಹತ್ತಿ, ಚೆಂಡು ಅವನ ಕೈ ಸೇರದಂತೆ ತಡೆಯುವುದು ಇವನ ಕೆಲಸ. ಇವನ ಕಡೆ ಎಸೆದ ಚೆಂಡುಗಳಲ್ಲಿ ಎಷ್ಟು ಎದುರಾಳಿಗಳ ಕೈ ಸೇರಿದವು, ಹಿಡಿದವರು ಎಷ್ಟು ದೂರ ಓಡಿದರು, ಎಲ್ಲಕ್ಕೂ ಬಣ್ಣಬಣ್ಣದ ಚಾರ್ಟ್ ಮಾಡಿ ಹಾಕಿದ್ದೆ. ಆಫೀಸಿನಲ್ಲೂ ನನ್ನ ಹೊಟ್ಟೆಪಾಡು ಚಾರ್ಟೇ.

ಮರುದಿನ ವತ್ಸಲಾ ಆಂಟಿಯ ಫೋನ್ ಬಂತು. ಅಮೆರಿಕದ ಈ ಫೋರ್ಟ್ ಮಿಲ್ ಊರಿನಲ್ಲಿ ನಮ್ಮ ಎದುರು ಮನೆಯವರು. ಆಯುಷ್ಯವೆಲ್ಲ ಎಕ್ಸ್‌ರೇ ನೋಡಿ ನಿವೃತ್ತರಾದ ಡಾಕ್ಟರ್, ಆ ಆಟಗಾರನ ಕಟ್ಟಾ ಅಭಿಮಾನಿ.

"ನಿನ್ನ ರಿಪೋರ್ಟ್ ಓದ್ದೆ ಕಣೆ. ಆಟದ ಫಿಲ್ಮ್ ನೋಡಿದ್ಯಾ?"

"ಹೈಲೈಟ್ಸ್ ನೋಡಿದೀನಿ ಆಂಟಿ."

"ಶನಿವಾರ ಬಾ. ಪೂರ್ತಿ ಗೇಮ್ ನೋಡೋಣ. ಚೆಂಡನ್ನಲ್ಲ, ಅವನೊಬ್ಬನ್ನೇ."

ಸೋಲಬಾರದೆಂದು ಲ್ಯಾಪ್‌ಟಾಪ್ ಹಿಡಿದೇ ಹೋದೆ. ಇಡೀ ಮೈದಾನ ಮೇಲಿನಿಂದ ಕಾಣುವ ರೆಕಾರ್ಡಿಂಗ್ ಅದು. ಚೆಂಡು ಬಿಟ್ಟು ಆಟ ನೋಡುವುದೆಂದರೆ ಮದುವೆಗೆ ಹೋಗಿ ಬರೀ ಅಡುಗೆ ಭಟ್ಟರನ್ನು ನೋಡುತ್ತ ಕೂತ ಹಾಗೆ. ಆಂಟಿ ಆಟದ ಒಂದೊಂದು ತುಣುಕನ್ನೂ ಮೂರು ಸಲ ತಿರುಗಿಸಿ ಹಾಕಿದರು. ಕಾಫಿ ಆರಿತು, ಇಬ್ಬರೂ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನಗೇ ಕಾಣತೊಡಗಿತು. ಎದುರಾಳಿ ತಂಡದಲ್ಲಿ ಚೆಂಡು ಎಸೆಯುವವನು ಇವನ ಕಡೆ ನೋಡುತ್ತಾನೆ, ಕೈ ಎತ್ತುತ್ತಾನೆ, ದಾರಿಯಿಲ್ಲವೆಂದು ಬೇರೆ ಕಡೆ ತಿರುಗುತ್ತಾನೆ. ಮತ್ತೆ ಮತ್ತೆ ಅದೇ. ಎಸೆಯದ ಆ ಚೆಂಡು ನನ್ನ ಯಾವ ಚಾರ್ಟಿನಲ್ಲೂ ಇರಲಿಲ್ಲ. ಚಾರ್ಟಿನಲ್ಲಿ ನಾನು ಅವನ ತಲೆಗೆ ಕಟ್ಟಿದ್ದ ಮೂರು ದೊಡ್ಡ ತಪ್ಪುಗಳಲ್ಲಿ ಒಂದು, ತಡವಾಗಿ ಬಂದ ಜೊತೆಗಾರನದು.

ಆಂಟಿ ಟಿವಿ ನಿಲ್ಲಿಸಿದರು. "ರಿಪೋರ್ಟಲ್ಲಿ ನಾರ್ಮಲ್ ಅಂತ ಒಂದು ಪದ ಬರೆಯೋಕೂ ಇಷ್ಟೇ ಹೊತ್ತು ಎಕ್ಸ್‌ರೇ ಫಿಲ್ಮ್ ನೋಡ್ತಿದ್ದೆ. ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳಿದ್ದಿಲ್ಲ," ಎಂದರು. ದೂರಿನ ದನಿಯಲ್ಲ, ಸುಮ್ಮನೆ.

ಅಲ್ಲೇ ಕೂತು ಗುಂಪಿಗೆ ಬರೆದೆ: ಜರಡಿ ಎಂದದ್ದು ನನ್ನ ತಪ್ಪು. ಮೂರರಲ್ಲಿ ಒಂದು ತಪ್ಪು ಅವನದಲ್ಲ.

ಆಂಟಿ ಕನ್ನಡಕ ಏರಿಸಿ ಓದಿದರು. "ಉಳಿದೆರಡು?"

"ಬಿಡಿ ಆಂಟಿ, ಯಾಕೆ?"

"ಬಿಡೋದೇನು? ಎರಡನೇದರಲ್ಲಿ ಕಾಲು ಜಾರಿದ್ದಲ್ಲ, ಶುದ್ಧ ಸೋಮಾರಿತನ. ಅದನ್ನೂ ಬರಿ."

ಅಭಿಮಾನಕ್ಕೆ ಕಣ್ಣಿಲ್ಲ ಎಂದು ನಂಬಿದ್ದ ನಾನು, ಅವರು ಹೇಳಿದ ಹಾಗೇ ಬರೆದೆ.