ಉಗುರುಬೆಚ್ಚಗಿನ ನೀರು

ಶಂಕ್ರೆವ್ವಕ್ಕ ಮೋರಟಗಿಯ ಸೊಸೆ. ಗಂಡ ತೀರಿಕೊಂಡ ಮೇಲೆ ಸಿಂದಗಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತ, ಅಲ್ಲೇ ಒಲೆಯ ಪಕ್ಕ ಮಲಗುತ್ತಿದ್ದಳು. ಮಗಳು ಶೈಲಶ್ರೀ ಮಾತ್ರ ಮೋರಟಗಿಯಲ್ಲೇ, ಅತ್ತೆಯ ಹತ್ತಿರ. “ಒಲಿ ಮಗ್ಗಲಾ ಮಲಗಾಕಿಗೆ ಹುಡಗೀನ ಕೊಡಂಗಿಲ್ಲ. ಕಾಯಂ ಕೆಲಸ, ಒಂದು ಖೋಲಿ ತೋರಸು, ಕರಕೊಂಡು ಹೋಗು” ಎಂದಿದ್ದಳು ಅತ್ತೆ. ಅದಕ್ಕೇ ಅವಳು ಬೇಕರಿ ತರಬೇತಿಗೆ ಸೇರಿದ್ದು. ಕೊನೆಯ ಪರೀಕ್ಷೆಯಲ್ಲಿ ಬ್ರೆಡ್ ಚೆನ್ನಾಗಿ ಮಾಡಿದ ಒಬ್ಬರನ್ನು ಊರಿನ ಬೇಕರಿಯೊಂದು ಕೆಲಸಕ್ಕೆ ತೆಗೆದುಕೊಳ್ಳುವುದಿತ್ತು. ಇರಲು ಹಿತ್ತಲಲ್ಲಿ ಖೋಲಿ.

ನಾನೂ ಅದೇ ತರಬೇತಿಯಲ್ಲಿ, ನನ್ನ ಕೂಸನ್ನು ಮೈದಾ ಚೀಲಗಳ ಪಕ್ಕ ಮಲಗಿಸಿ ಕಲಿಯುತ್ತಿದ್ದೆ. ಶಂಕ್ರೆವ್ವಕ್ಕ ನನ್ನ ಜೋಡಿ. ಹಬೆಯಾಡುವ ಬನ್ನುಗಳನ್ನು ಅವಳು ಬರಿಗೈಯಲ್ಲೇ ಎತ್ತಿಡುತ್ತಿದ್ದಳು.

“ಅಕ್ಕಾರ, ಕೈಯೋ ಇಕ್ಕಳಾನೋ?” ಎಂದು ಕಲಿಸುವ ತಬ್ರೇಜ ಸರ್ ನಗುತ್ತಿದ್ದರು.

“ಹಂಚಿನ ಮ್ಯಾಲ ಕಲ್ತ ಕೈರಿ ಸರ. ಸಾಲಿಗೆ ಹೋಗಿಲ್ಲ.”

ಈಸ್ಟ್ ನೆನೆಸುವ ನೀರು ಉಗುರುಬೆಚ್ಚಗಿರಬೇಕು. ಸುಡುತ್ತಿದ್ದರೆ ಈಸ್ಟ್ ಸಾಯುತ್ತದೆ, ಹಿಟ್ಟು ಉಬ್ಬುವುದಿಲ್ಲ. ಬೆರಳು ಅದ್ದಿ ನೀರು ನೋಡುವುದು ನನ್ನ ಪಾಲು, ನಾದುವುದು ಅವಳದು. ಅವಳು ನಾದಿದ ಹಿಟ್ಟು ನನ್ನ ಕೂಸಿನ ಕೆನ್ನೆಯ ಹಾಗೆ ಉಬ್ಬುತ್ತಿತ್ತು.

ಪರೀಕ್ಷೆಯ ದಿನ ಒಬ್ಬೊಬ್ಬರೇ ಮಾಡಬೇಕಿತ್ತು. ಅವಳು ನೀರಿಗೆ ಬೆರಳು ಅದ್ದಿ, ತಲೆಯಾಡಿಸಿ, ಈಸ್ಟ್ ಹಾಕಿದಳು. ಸ್ವಲ್ಪ ಹೊತ್ತಿಗೆ ಎಲ್ಲರ ಹಿಟ್ಟೂ ಮುಚ್ಚಿದ ಬಟ್ಟೆಯನ್ನು ಮೇಲೆತ್ತಿತು. ಅವಳದು ಇಟ್ಟಲ್ಲೇ ಕೂತಿತ್ತು.

“ನೀರು ಹೆಂಗ ನೋಡಿದ್ರಿ? ತೋರಸ್ರಿ” ಎಂದರು ಸರ್. ಅವಳು ಮತ್ತೆ ನೀರು ಕಾಸಿ, ಬೆರಳು ಅದ್ದಿ, “ಇಷ್ಟ ಇತ್ರಿ, ಬೆಚ್ಚಗ” ಎಂದಳು. ಸರ್ ತಮ್ಮ ಬೆರಳಿಟ್ಟವರು ಝಟ್ಟನೆ ಎಳೆದುಕೊಂಡರು.

“ಅಕ್ಕಾರ, ಇದು ಸುಡಾಕತ್ತೈತ್ರಿ.”

“ನನಗ ಸುಡವಲ್ದರಿ.” ಬೆರಳು ಇನ್ನೂ ನೀರಲ್ಲೇ ಇತ್ತು.

ಕುದಿಯುವ ಎಸರು ಸುರಿದು ಜೋಳದ ಹಿಟ್ಟು ನಾದಿ ನಾದಿ, ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಆ ಬೆರಳುಗಳು ಬಿಸಿಯನ್ನೇ ಮರೆತಿದ್ದವು. ಅದು ಅವಳಿಗೂ ಗೊತ್ತಿರಲಿಲ್ಲ.

ಇನ್ನೊಮ್ಮೆ ಮಾಡಲು ಬಿಡಿ ಎಂದು ಸರ್ ಕೇಳಿದರು. ಬೇಕರಿಯ ಮಾಲಕ, “ನೀರು ನೋಡಾಕ ಮತ್ತೊಬ್ಬಾಕೀನ ಪಗಾರ ಕೊಟ್ಟು ಇಡ್ಲೇನು?” ಎಂದ. ಕೆಲಸ ಭಾಗ್ಯಜ್ಯೋತಿ ಎಂಬ ಹುಡುಗಿಗೆ ಹೋಯಿತು.

ಮರುದಿನ ಶಂಕ್ರೆವ್ವಕ್ಕ ನಮ್ಮ ಮನೆಗೆ ಬಂದಾಗ ಕೂಸಿಗೆ ಎರೆಯುವ ಹೊತ್ತು. ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಂಡಳು. ತಂಬಿಗೆ ಎತ್ತಿದವಳು ನೀರು ಹಾಕದೆ ಕೆಳಗಿಟ್ಟಳು.

“ನಮ್ಮ ಶೈಲಾ ಎರಿಯುವಾಗ ಭಾಳ ಅಳತಿತ್ತು, ತಂಗಿ. ಉರೀತೈತಿ ಅಂತಿತ್ತು. ಹಟ ಮಾಡತೈತಿ ಅಂತ ಎರಡು ಬಡದು, ಮತ್ತ ಹಾಕತಿದ್ನಿ.”

ನೀರು ಬೆರೆಸಿದವಳು ನಾನೇ, ಬೆಚ್ಚಗೇ ಇತ್ತು. ಹಾಗೆಂದು ಹೇಳಿದೆ.

“ನೀನ ಹಾಕವಾ” ಎಂದು ಕೂಸನ್ನು ನನ್ನ ಕೈಗಿತ್ತಳು.

“ಮೋರಟಗಿಗೆ ಹೋಗಿ ಬರ್ತಿ ಏನಕ್ಕಾ?”

“ಏನಂತ ಹೋಗಲಿ?”

ಸೆರಗಿಗೆ ಕೈ ಒರೆಸಿಕೊಂಡು, ಖಾನಾವಳಿಯಲ್ಲಿ ಎಸರು ಇಡುವ ಹೊತ್ತಾಯಿತೆಂದು ಎದ್ದು ಹೋದಳು.